ವಿಎಂ ಡಿಸ್ಕ್‌ಗಳ ಕೆಲಸವನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವುದು ಹೇಗೆ: ಅಳತೆಯಿಂದ ಕಸ ಗುಡಿಸುವವರೆಗೆ

ಹೋಸ್ಟ್‌ನ (ವಿಎಂಗಳನ್ನು ಹೊತ್ತಿರುವ ನಿಜವಾದ ಯಂತ್ರದ) ಡಿಸ್ಕ್ ತುಂಬಿದರೆ ವಿಎಂ (ವರ್ಚುವಲ್ ಮಶೀನ್, ಅಂದರೆ ಸಾಫ್ಟ್‌ವೇರ್‌ನಿಂದ ಮಾಡಿದ ಕಂಪ್ಯೂಟರ್) ಕ್ರ್ಯಾಶ್ ಆಗುವುದಿಲ್ಲ, ಸುಮ್ನೆ ನಿಂತುಬಿಡುತ್ತದೆ. ಇದು ನನಗೆ ಗೊತ್ತಾದದ್ದು ಒಂದು ರಾತ್ರಿ 11 ವಿಎಂಗಳು ಒಟ್ಟಿಗೆ ನಿಂತಾಗ. ಪಟ್ಟಿ ತೆಗೆದು ನೋಡಿದರೆ ಎಲ್ಲದರ ಮುಂದೆಯೂ 'ಪಾಝ್ಡ್' (ತಡೆದು ನಿಲ್ಲಿಸಿದೆ) ಎಂದಿತ್ತು. ಯಾರೂ ತಡೆದು ನಿಲ್ಲಿಸಿರಲಿಲ್ಲ. ಬರೆಯಲು ಜಾಗ ಸಿಗದಿದ್ದರೆ ವಿಎಂ ಓಡಿಸುವ ಸಾಫ್ಟ್‌ವೇರ್ ಆದ ಕ್ಯೂಎಮು ತಾನಾಗಿಯೇ ಗೆಸ್ಟ್ (ವಿಎಂ ಒಳಗೆ ಓಡುವ ಸಿಸ್ಟಮ್) ಅನ್ನು ತಡೆದು ನಿಲ್ಲಿಸುತ್ತದೆ. ಡೇಟಾ ಕೆಡದಿರಲಿ ಎಂದು ಮಾಡಿರುವ ಏರ್ಪಾಡು ಅದು. ಜಾಗ ಮಾಡಿಕೊಟ್ಟು 'ವರ್ಶ್ ರೆಸ್ಯೂಮ್' (ವರ್ಶ್ ಅನ್ನುವುದು ವಿಎಂಗಳನ್ನು ನಿಭಾಯಿಸುವ ಕಮಾಂಡ್) ಎಂದರೆ ನಿಂತಲ್ಲಿಂದಲೇ ಮತ್ತೆ ಓಡುತ್ತದೆ.

ತಪ್ಪು ನನ್ನದೇ. 4 ತಿಂಗಳ ಹಿಂದೆ ಒಂದು ಅಪ್‌ಗ್ರೇಡ್‌ಗೆ ಮುಂಚೆ ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಸ್ಥಿತಿಯನ್ನು ಹಿಡಿದಿಡುವುದು) ತೆಗೆದು ಮರೆತಿದ್ದೆ. ಅದರ ಓವರ್‌ಲೇ ಫೈಲ್ (ಆಮೇಲಿನ ಬರಹವೆಲ್ಲ ಹೋಗಿ ಸೇರುವ ಫೈಲ್) ದಿನದಿನವೂ ಉಬ್ಬುತ್ತಾ ಹೋಗಿ ಉಳಿದ ಜಾಗವನ್ನೆಲ್ಲ ನುಂಗಿತ್ತು. ಆಮೇಲೆ ಜೋಶ್‌ನಲ್ಲಿ ಎಲ್ಲವನ್ನೂ ಸ್ಕ್ರಿಪ್ಟ್ ಮಾಡಿದೆ. ಆ ಸ್ಕ್ರಿಪ್ಟ್ ಇನ್ನೂ ದೊಡ್ಡ ಅನಾಹುತ ಮಾಡಿತು. ಅದನ್ನು ಮುಂದೆ ಹೇಳುತ್ತೇನೆ.

ಈಗ ನಾನು ಇಟ್ಟುಕೊಂಡಿರುವ ನಿಯಮ ಇಷ್ಟು. ನೋಡುವ ಕೆಲಸ ಸ್ಕ್ರಿಪ್ಟ್ ಎಷ್ಟು ಬೇಕಾದರೂ ಮಾಡಲಿ. ಬೆಳೆಸುವ ಕೆಲಸವನ್ನು ಮಿತಿಯೊಳಗೆ ಮಾಡಲಿ. ಕುಗ್ಗಿಸುವುದು ಮತ್ತು ಅಳಿಸುವುದು ಮಾತ್ರ ಮನುಷ್ಯನ ಕೈಯಲ್ಲೇ ಇರಲಿ. ಕೆಳಗಿನ ಹೆಜ್ಜೆಗಳೆಲ್ಲ ಈ ನಿಯಮದ ಮೇಲೆ ನಿಂತಿವೆ.

ಉದಾಹರಣೆಗಳು ಲಿನಕ್ಸ್, ಕೆವಿಎಂ (ಲಿನಕ್ಸ್ ಕರ್ನಲ್‌ನಲ್ಲೇ ಇರುವ ವಿಎಂ ವ್ಯವಸ್ಥೆ), ಲಿಬ್‌ವರ್ಟ್ (ವರ್ಶ್‌ನ ಹಿಂದಿರುವ ಸಾಫ್ಟ್‌ವೇರ್) ಮತ್ತು ಕ್ಯೂಕೌ2 (ಕ್ಯೂಎಮುವಿನ ಡಿಸ್ಕ್ ಫೈಲ್ ರೂಪ) ಡಿಸ್ಕ್‌ಗಳವು. ಕಮಾಂಡುಗಳನ್ನು ಓದಲು ಸುಲಭವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವುಗಳ ಮೂಲ ಸ್ಪೆಲ್ಲಿಂಗ್ ಬೇಕು, ಮ್ಯಾನ್ ಪುಟ (ಕಮಾಂಡಿನ ಕೈಪಿಡಿ) ತೆರೆದಿಟ್ಟುಕೊಳ್ಳಿ.

ಹೆಜ್ಜೆ 1: ಮೂರು ಸಂಖ್ಯೆಗಳನ್ನು ಬೇರೆಬೇರೆಯಾಗಿ ಅಳೆಯಿರಿ

'ಡಿಸ್ಕ್ ಎಷ್ಟು ತುಂಬಿದೆ?' ಎಂಬ ಪ್ರಶ್ನೆಗೆ ಒಂದೇ ಉತ್ತರ ಇಲ್ಲ. ಮೂರು ಉತ್ತರಗಳಿವೆ. ಹೆಚ್ಚಿನ ಸ್ಕ್ರಿಪ್ಟ್‌ಗಳು ದಾರಿ ತಪ್ಪುವುದು ಇಲ್ಲಿಯೇ.

ಮೊದಲನೆಯದು ಗೆಸ್ಟ್‌ಗೆ ಕಾಣುವ ಡಿಸ್ಕ್‌ನ ಒಟ್ಟು ಗಾತ್ರ. ಉದಾಹರಣೆಗೆ 100 ಜಿಬಿ. ಎರಡನೆಯದು ಆ ಡಿಸ್ಕ್ ಫೈಲ್ ಹೋಸ್ಟ್‌ನಲ್ಲಿ ನಿಜವಾಗಿ ಹಿಡಿದಿರುವ ಜಾಗ. ಕ್ಯೂಕೌ2 ಫೈಲ್ ಬರೆದಷ್ಟೇ ಬೆಳೆಯುತ್ತದೆ, ಡೀಫಾಲ್ಟ್ ಆಗಿ 64 ಕೆಬಿಯ ತುಂಡುಗಳಲ್ಲಿ. ಹಾಗಾಗಿ 100 ಜಿಬಿ ಡಿಸ್ಕ್ ಹೋಸ್ಟ್‌ನಲ್ಲಿ 30 ಜಿಬಿ ಮಾತ್ರ ಇರಬಹುದು. ಮೂರನೆಯದು ಗೆಸ್ಟ್ ಒಳಗಿನ ಫೈಲ್‌ಸಿಸ್ಟಮ್ ಬಳಸುತ್ತಿರುವ ಜಾಗ.

ಎರಡನೆಯದೂ ಮೂರನೆಯದೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಗೆಸ್ಟ್ ಒಳಗೆ 50 ಜಿಬಿ ಫೈಲ್ ಬರೆದು ಅಳಿಸಿದಿರಿ ಅನ್ನಿ. ಗೆಸ್ಟ್‌ನ ಲೆಕ್ಕದಲ್ಲಿ ಜಾಗ ವಾಪಸ್ ಬಂತು. ಹೋಸ್ಟ್‌ನ ಫೈಲ್ ಮಾತ್ರ ಆ 50 ಜಿಬಿಯನ್ನು ಹಾಗೇ ಹಿಡಿದು ಕೂತಿರುತ್ತದೆ, ಯಾರಾದರೂ ಟ್ರಿಮ್ ಮಾಡುವವರೆಗೆ, ಅಂದರೆ ಆ ಜಾಗ ಇನ್ನು ಬೇಡ ಎಂದು ಹೋಸ್ಟ್‌ಗೆ ತಿಳಿಸುವವರೆಗೆ. ಹೋಸ್ಟ್‌ನ ಸಂಖ್ಯೆ ನೋಡಿ ಡಿಸ್ಕ್ ಬೆಳೆಸಿದರೆ ಬೇಡದ ಕಡೆ ಬೆಳೆಸಿದಂತೆ. ಗೆಸ್ಟ್‌ನ ಸಂಖ್ಯೆ ನೋಡಿ ಹೋಸ್ಟ್ ಆರಾಮಾಗಿದೆ ಅಂದುಕೊಂಡರೆ ನನ್ನ ಹಾಗೆ ರಾತ್ರಿ ನಿದ್ದೆಗೆಡಬೇಕಾಗುತ್ತದೆ.

ಮೊದಲ ಎರಡಕ್ಕೆ 'ವರ್ಶ್ ಡಾಮ್‌ಬ್ಲ್ಕ್‌ಇನ್ಫೋ' ಸಾಕು. ಅದರಲ್ಲಿ ಕೆಪ್ಯಾಸಿಟಿ, ಅಲೊಕೇಶನ್, ಫಿಸಿಕಲ್ ಎಂಬ ಮೂರು ಸಾಲು ಬರುತ್ತವೆ. 'ಕ್ಯೂಎಮು-ಇಮ್ಗ್ ಇನ್ಫೋ' ಕೂಡ ಇದನ್ನೇ ಹೇಳುತ್ತದೆ. ಓಡುತ್ತಿರುವ ವಿಎಂನ ಡಿಸ್ಕ್ ಆದರೆ ಅದಕ್ಕೆ ದೊಡ್ಡಕ್ಷರದ ಯು ಆಯ್ಕೆ ಕೊಡಬೇಕು, ಇಲ್ಲದಿದ್ದರೆ ಲಾಕ್ ಸಿಗಲಿಲ್ಲ ಎಂದು ಬೈಯುತ್ತದೆ. ಔಟ್‌ಪುಟ್ ಅನ್ನು ಜೇಸನ್ ರೂಪದಲ್ಲೇ (ಪ್ರೋಗ್ರಾಂಗಳು ಓದಲೆಂದು ಮಾಡಿದ ರೂಪ) ತೆಗೆದುಕೊಳ್ಳಿ. ಮನುಷ್ಯರಿಗೆಂದು ಬರೆದ ಸಾಲುಗಳನ್ನು ಕತ್ತರಿಸಿ ಸಂಖ್ಯೆ ತೆಗೆಯುವ ಸ್ಕ್ರಿಪ್ಟ್, ಮುಂದಿನ ವರ್ಶನ್‌ನಲ್ಲಿ ಒಂದು ಸಾಲು ಆಚೀಚೆ ಆದರೆ ಮುರಿದುಬೀಳುತ್ತದೆ.

ಮೂರನೆಯದಕ್ಕೆ ಗೆಸ್ಟ್ ಒಳಗೆ ಕ್ಯೂಎಮು ಗೆಸ್ಟ್ ಏಜೆಂಟ್ (ಹೋಸ್ಟ್ ಕೇಳಿದ್ದಕ್ಕೆ ಒಳಗಿನಿಂದ ಉತ್ತರಿಸುವ ಚಿಕ್ಕ ಪ್ರೋಗ್ರಾಂ) ಓಡುತ್ತಿರಬೇಕು. ಆಗ 'ವರ್ಶ್ ಗೆಸ್ಟ್‌ಇನ್ಫೋ' ಕಮಾಂಡ್ ಫೈಲ್‌ಸಿಸ್ಟಮ್ ಆಯ್ಕೆಯ ಜೊತೆ ಪ್ರತಿ ಮೌಂಟ್‌ನ ಒಟ್ಟು ಮತ್ತು ಬಳಸಿದ ಬೈಟ್‌ಗಳನ್ನು ಕೊಡುತ್ತದೆ. ಪ್ರತಿ ವಿಎಂಗೂ ಎಸ್‌ಎಸ್‌ಎಚ್ ಕೀ (ದೂರದಿಂದ ಲಾಗಿನ್ ಆಗುವ ಕೀಲಿ) ಹಂಚುವ ತಾಪತ್ರಯ ಇಲ್ಲ. ಏಜೆಂಟ್ ಇಲ್ಲದ ವಿಎಂ ಇದ್ದರೆ ಇವತ್ತೇ ಹಾಕಿಬಿಡಿ, ಮುಂದಿನ ಹೆಜ್ಜೆಗಳಲ್ಲಿ ಅರ್ಧಕ್ಕೆ ಅದು ಬೇಕು.

ಇವುಗಳ ಜೊತೆ ಹೋಸ್ಟ್‌ಗೆ ಇನ್ನೊಂದು ಲೆಕ್ಕ ಬೇಕು: ಎಲ್ಲ ಡಿಸ್ಕ್‌ಗಳೂ ಪೂರ್ತಿ ತುಂಬಿದರೆ ಎಷ್ಟಾಗುತ್ತದೆ? 2 ಟಿಬಿ ಸ್ಟೋರೇಜ್ ಮೇಲೆ 5 ಟಿಬಿಯಷ್ಟು ಭರವಸೆ ಕೊಟ್ಟಿದ್ದರೆ ಅದು ತಪ್ಪೇನಲ್ಲ, ಆದರೆ ಅದು ನಿಮಗೆ ಗೊತ್ತಿರಬೇಕು. ನಾನು 10 ನಿಮಿಷಕ್ಕೊಮ್ಮೆ ಈ ಸಂಖ್ಯೆಗಳನ್ನೆಲ್ಲ ಒಂದು ಫೈಲ್‌ಗೆ ಬರೆಸುತ್ತೇನೆ. ಹೋಸ್ಟ್‌ನಲ್ಲಿ ಉಳಿದ ಜಾಗ 15 ಶೇಕಡಾಕ್ಕಿಂತ ಕೆಳಗೆ ಹೋದರೆ ಮೆಸೇಜ್ ಬರುತ್ತದೆ. ಬೇರೇನೂ ಮಾಡದೆ ಈ ಒಂದು ಹೆಜ್ಜೆ ಹಾಕಿದರೂ ಅರ್ಧ ತಲೆನೋವು ಕಡಿಮೆ.

ಹೆಜ್ಜೆ 2: ಏನು ಮಾಡಬಹುದು ಅನ್ನುವುದನ್ನು ಒಂದು ಫೈಲ್‌ನಲ್ಲಿ ಬರೆಯಿರಿ

ನಿಯಮಗಳನ್ನು ಸ್ಕ್ರಿಪ್ಟ್ ಒಳಗೆ ಹೂತಿಡಬೇಡಿ. ಬೇರೆ ಯಾಮಲ್ ಫೈಲ್ (ಸೆಟ್ಟಿಂಗ್ ಬರೆಯುವ ಸರಳ ಪಠ್ಯ ರೂಪ) ಮಾಡಿ, ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಇಡಿ. ಪ್ರತಿ ವಿಎಂಗೆ ನಾಲ್ಕು ವಿಷಯ ಸಾಕು: ಎಷ್ಟು ಶೇಕಡಾ ತುಂಬಿದರೆ ಬೆಳೆಸಬೇಕು, ಒಂದು ಸಲಕ್ಕೆ ಎಷ್ಟು, ಗರಿಷ್ಠ ಎಲ್ಲಿವರೆಗೆ, ಸ್ನ್ಯಾಪ್‌ಶಾಟ್ ಎಷ್ಟು ದಿನ ಇರಬಹುದು. ನನ್ನ ಸಾಮಾನ್ಯ ವಿಎಂಗಳಿಗೆ 80 ಶೇಕಡಾ, 10 ಜಿಬಿ, 200 ಜಿಬಿ, 3 ದಿನ.

ಫೈಲ್‌ನಲ್ಲಿ ಹೆಸರಿಲ್ಲದ ವಿಎಂ ಸಿಕ್ಕರೆ? ಮುಟ್ಟಬಾರದು. ಡೀಫಾಲ್ಟ್ ನಿಯಮ ಹಾಕಿ ಎಲ್ಲದಕ್ಕೂ ಅನ್ವಯಿಸುವ ಆಸೆ ಬರುತ್ತದೆ. ಬೇಡ. ಯಾರೋ ಪರೀಕ್ಷೆಗೆ ಎಬ್ಬಿಸಿದ ವಿಎಂ ಲಾಗ್ ಬರೆದು ಬರೆದು ತುಂಬಿದರೆ, ನಿಮ್ಮ ಸ್ಕ್ರಿಪ್ಟ್ ಅದಕ್ಕೆ ಇನ್ನಷ್ಟು ಜಾಗ ಬಡಿಸುತ್ತಾ ಹೋಗುತ್ತದೆ.

ಹೆಜ್ಜೆ 3: ಓಡುತ್ತಿರುವಾಗಲೇ ಬೆಳೆಸುವುದು

ವಿಎಂ ನಿಲ್ಲಿಸದೆ ಡಿಸ್ಕ್ ಬೆಳೆಸಲು 'ವರ್ಶ್ ಬ್ಲಾಕ್‌ರೀಸೈಜ್' ಇದೆ. ಓಡುತ್ತಿರುವ ವಿಎಂನ ಫೈಲ್ ಮೇಲೆ 'ಕ್ಯೂಎಮು-ಇಮ್ಗ್ ರೀಸೈಜ್' ಓಡಿಸಬಾರದು, ಅದು ನಿಂತಿರುವ ವಿಎಂಗಳಿಗೆ ಮಾತ್ರ. ಈ ಎರಡರ ನಡುವೆ ಒಂದು ಬಲೆ ಇದೆ. ಗಾತ್ರದ ಮುಂದೆ ಅಳತೆಯ ಮಾನ (ಎಂಬಿ, ಜಿಬಿ ಹೀಗೆ) ಬರೆಯದಿದ್ದರೆ ಕ್ಯೂಎಮು-ಇಮ್ಗ್ ಅದನ್ನು ಬೈಟ್ ಎಂದು ಓದುತ್ತದೆ, ವರ್ಶ್ ಕಿಬಿಬೈಟ್ ಎಂದು ಓದುತ್ತದೆ. ಒಂದೇ ಸಂಖ್ಯೆ, 1024 ಪಟ್ಟು ವ್ಯತ್ಯಾಸ. ಬೈಟ್‌ನಲ್ಲೇ ಲೆಕ್ಕ ಮಾಡಿ, ಕೊನೆಗೆ ದೊಡ್ಡಕ್ಷರದ ಬಿ ಸೇರಿಸಿ. ಎರಡು ಕಡೆ ಎರಡು ಲೆಕ್ಕ ಇಟ್ಟುಕೊಳ್ಳುವ ಗೋಜೇ ಬೇಡ.

ಸ್ಕ್ರಿಪ್ಟ್‌ನ ಓಟ ಹೀಗಿರಲಿ:

1. ಗೆಸ್ಟ್‌ನ ಬಳಕೆ ಓದಿ. ಮಿತಿಗಿಂತ ಕೆಳಗಿದ್ದರೆ ಮುಂದಿನ ವಿಎಂಗೆ ಹೋಗಿ.
2. ಈಗಿನ ಗಾತ್ರ ಓದಿ. ಹೊಸ ಗಾತ್ರ ಲೆಕ್ಕ ಹಾಕಿ. ಹೊಸದು ಹಳೆಯದಕ್ಕಿಂತ ದೊಡ್ಡದಿದೆಯೇ ಎಂದು ಕೇಳಿ. ಇಲ್ಲವಾದರೆ ತಕ್ಷಣ ನಿಲ್ಲಿ. ಈ ಒಂದು ಸಾಲಿನ ಪರೀಕ್ಷೆ ಇಲ್ಲದೆ ಸ್ಕ್ರಿಪ್ಟ್ ಓಡಿಸಬೇಡಿ.
3. ಗರಿಷ್ಠ ಮಿತಿ ದಾಟುತ್ತದೆಯೇ? ದಾಟಿದರೆ ಬೆಳೆಸದೆ ಮೆಸೇಜ್ ಕಳಿಸಿ.
4. ಹೋಸ್ಟ್‌ನಲ್ಲಿ ಸಾಕಷ್ಟು ಜಾಗ ಇದೆಯೇ? ಕ್ಯೂಕೌ2 ಆದ್ದರಿಂದ ಬೆಳೆಸಿದ ಕೂಡಲೇ ಜಾಗ ಹೋಗುವುದಿಲ್ಲ, ಆದರೆ ಗೆಸ್ಟ್ ಅದನ್ನು ತುಂಬುವುದು ಗ್ಯಾರಂಟಿ. ಹೋಗಿಯೇಬಿಟ್ಟಿತು ಎಂದು ಲೆಕ್ಕ ಹಿಡಿಯಿರಿ.
5. ಡಿಸ್ಕ್ ಮೇಲೆ ಸ್ನ್ಯಾಪ್‌ಶಾಟ್‌ನ ಓವರ್‌ಲೇ ಇದ್ದರೆ ಬಿಟ್ಟುಬಿಡಿ. ಮೊದಲು ಅದು ವಿಲೀನ ಆಗಲಿ.
6. ಬೆಳೆಸಿ. ಮತ್ತೆ ಗಾತ್ರ ಓದಿ, ನಿಜವಾಗಿ ಬದಲಾಯಿತೇ ನೋಡಿ.

ಇಷ್ಟಕ್ಕೆ ಅರ್ಧ ಕೆಲಸ ಮಾತ್ರ ಆಯಿತು. ಡಿಸ್ಕ್ ದೊಡ್ಡದಾಯಿತು, ಪಾರ್ಟಿಶನ್ (ಡಿಸ್ಕ್‌ನ ವಿಭಾಗ) ಮತ್ತು ಅದರೊಳಗಿನ ಫೈಲ್‌ಸಿಸ್ಟಮ್ ಹಾಗೇ ಇವೆ. ಗೆಸ್ಟ್ ಒಳಗೆ 'ಗ್ರೋಪಾರ್ಟ್' ಓಡಿಸಿ ಪಾರ್ಟಿಶನ್ ಹಿಗ್ಗಿಸಬೇಕು. ಆಮೇಲೆ ಫೈಲ್‌ಸಿಸ್ಟಮ್ ಎಕ್ಸ್‌ಟಿ4 ಆದರೆ 'ರೀಸೈಜ್2ಎಫ್‌ಎಸ್', ಎಕ್ಸ್‌ಎಫ್‌ಎಸ್ ಆದರೆ 'ಎಕ್ಸ್‌ಎಫ್‌ಎಸ್_ಗ್ರೋಎಫ್‌ಎಸ್'. ಎಲ್‌ವಿಎಂ (ಡಿಸ್ಕ್ ಜಾಗವನ್ನು ಬೇಕಾದಂತೆ ಹಂಚುವ ಲಿನಕ್ಸ್ ಪದರ) ಇದ್ದರೆ ನಡುವೆ 'ಪಿವಿರೀಸೈಜ್', ನಂತರ 'ಎಲ್‌ವಿಎಕ್ಸ್‌ಟೆಂಡ್'. ಕೊನೆಯದಕ್ಕೆ ಚಿಕ್ಕಕ್ಷರದ ಆರ್ ಆಯ್ಕೆ ಕೊಟ್ಟರೆ ಫೈಲ್‌ಸಿಸ್ಟಮ್ ಅನ್ನೂ ಅದೇ ಹಿಗ್ಗಿಸುತ್ತದೆ. ಈ ಭಾಗಕ್ಕೆ ಆನ್ಸಿಬಲ್ (ಹಲವು ಯಂತ್ರಗಳಲ್ಲಿ ಒಂದೇ ಕೆಲಸ ಓಡಿಸುವ ಸಾಧನ) ಚೆನ್ನಾಗಿ ಹೊಂದುತ್ತದೆ.

ಗ್ರೋಪಾರ್ಟ್‌ನ ಒಂದು ವಿಚಿತ್ರ ಹೇಳಲೇಬೇಕು. ಹಿಗ್ಗಲು ಜಾಗ ಇಲ್ಲದಿದ್ದರೆ ಅದು 1 ಎಂಬ ಎಕ್ಸಿಟ್ ಕೋಡ್ ಕೊಡುತ್ತದೆ. ನಿಜವಾದ ತಪ್ಪಿಗೆ 2. ಬ್ಯಾಶ್ ಸ್ಕ್ರಿಪ್ಟ್‌ನಲ್ಲಿ 'ಯಾವ ತಪ್ಪಾದರೂ ನಿಲ್ಲು' ಎಂದು ಹಾಕಿದ್ದರೆ, ಹಿಂದಿನ ಸಲವೇ ಹಿಗ್ಗಿಸಿದ್ದ ವಿಎಂ ಸಿಕ್ಕಾಗ ಸ್ಕ್ರಿಪ್ಟ್ ಸತ್ತುಹೋಗುತ್ತದೆ. 1 ಬಂದರೆ ಮುಂದೆ ಹೋಗಿ, 2 ಬಂದರೆ ನಿಲ್ಲಿ. ಇದಕ್ಕೆ ನಾನು ಒಂದು ಇಡೀ ಮಧ್ಯಾಹ್ನ ಕಳೆದಿದ್ದೇನೆ.

ರೂಟ್ (ಸಿಸ್ಟಮ್ ಇರುವ) ಪಾರ್ಟಿಶನ್‌ನ ಬೆನ್ನಿಗೇ ಸ್ವಾಪ್ (ಮೆಮೊರಿ ಸಾಲದಾಗ ಬಳಸುವ) ಪಾರ್ಟಿಶನ್ ಇದ್ದರೆ ಗ್ರೋಪಾರ್ಟ್ ಕೈಚೆಲ್ಲುತ್ತದೆ, ಯಾಕೆಂದರೆ ಹೊಸ ಜಾಗ ಸ್ವಾಪ್‌ನ ಆಚೆ ಇದೆ. ಹಾಗಾಗಿ ಟೆಂಪ್ಲೇಟ್ ಮಾಡುವಾಗಲೇ ರೂಟ್ ಅನ್ನು ಕೊನೆಯಲ್ಲಿಡಿ, ಸ್ವಾಪ್ ಬೇಕಿದ್ದರೆ ಫೈಲ್ ಆಗಿ ಮಾಡಿ. ಪಾರ್ಟಿಶನ್ ಪಟ್ಟಿಗೆ ಹಳೆಯ ಎಂಬಿಆರ್ ರೂಪ ಬಿಟ್ಟು ಹೊಸ ಜಿಪಿಟಿ ಬಳಸಿ. ಸಾಮಾನ್ಯ 512 ಬೈಟ್ ಸೆಕ್ಟರ್‌ನ ಡಿಸ್ಕ್‌ನಲ್ಲಿ ಎಂಬಿಆರ್ 2 ಟಿಬಿ ಆಚೆ ನೋಡುವುದಿಲ್ಲ.

ಕುಗ್ಗಿಸುವುದನ್ನು ಯಾಕೆ ಬಿಟ್ಟೆ ಅಂತ ಕೇಳಬಹುದು. ಎಕ್ಸ್‌ಎಫ್‌ಎಸ್ ಅನ್ನು ಕುಗ್ಗಿಸುವುದೆಂದರೆ ಹೆಚ್ಚುಕಡಿಮೆ ಹೊಸದು ಮಾಡಿ ಡೇಟಾ ಕಾಪಿ ಮಾಡಿದಂತೆ. ಎಕ್ಸ್‌ಟಿ4 ಕುಗ್ಗುತ್ತದೆ, ಆದರೆ ಅನ್‌ಮೌಂಟ್ ಮಾಡಿದ ಮೇಲೆ. ಕ್ಯೂಎಮು-ಇಮ್ಗ್ ಕೂಡ 'ಶ್ರಿಂಕ್' ಎಂದು ಬಾಯಿಬಿಟ್ಟು ಹೇಳದೆ ಒಪ್ಪುವುದಿಲ್ಲ. ಅದಕ್ಕಿರುವಷ್ಟು ಅಂಜಿಕೆ ನಮಗೂ ಇರಬೇಕು ಅಲ್ವಾ? ಹೋಸ್ಟ್‌ನಲ್ಲಿ ಜಾಗ ಬೇಕಿದ್ದರೆ ಮುಂದಿನ ಹೆಜ್ಜೆ ಇದೆ.

ಹೆಜ್ಜೆ 4: ಟ್ರಿಮ್

ಗೆಸ್ಟ್ ಅಳಿಸಿದ ಜಾಗ ಹೋಸ್ಟ್‌ಗೆ ವಾಪಸ್ ಬರಬೇಕಾದರೆ ವಿಎಂನ ಸೆಟ್ಟಿಂಗ್ ಇರುವ ಎಕ್ಸ್‌ಎಂಎಲ್‌ನ ಡಿಸ್ಕ್ ಭಾಗದಲ್ಲಿ 'ಡಿಸ್ಕಾರ್ಡ್' ಎಂಬುದಕ್ಕೆ 'ಅನ್‌ಮ್ಯಾಪ್' ಎಂಬ ಮೌಲ್ಯ ಕೊಡಬೇಕು. ಹೆಸರಿಗೆ ರೀಬೂಟ್ ಮಾಡಿದರೆ ಸಾಲದು. ವಿಎಂ ಪೂರ್ತಿ ಆಫ್ ಆಗಿ ಆನ್ ಆಗಬೇಕು. ಡಿಸ್ಕ್ ಅನ್ನು ಗೆಸ್ಟ್‌ಗೆ ಜೋಡಿಸಿದ ಬಗೆ ವರ್ಟಿಯೋ-ಬ್ಲ್ಕ್ ಆಗಿದ್ದರೆ ಕ್ಯೂಎಮು 4.0 ಮತ್ತು ಗೆಸ್ಟ್‌ನಲ್ಲಿ ಲಿನಕ್ಸ್ ಕರ್ನಲ್ 5.0 ಅಥವಾ ಹೊಸದು ಬೇಕು. ಇನ್ನೊಂದು ಬಗೆಯಾದ ವರ್ಟಿಯೋ-ಸ್ಕಸಿ ಅದಕ್ಕೂ ಮುಂಚಿನಿಂದಲೇ ಇದನ್ನು ಮಾಡುತ್ತಿತ್ತು.

ಬಹಳಷ್ಟು ಲಿನಕ್ಸ್‌ಗಳಲ್ಲಿ ವಾರಕ್ಕೊಮ್ಮೆ ಓಡುವ ಟ್ರಿಮ್ ಟೈಮರ್ ಮೊದಲೇ ಇರುತ್ತದೆ. ತೊಂದರೆ ಏನೆಂದರೆ ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸೇವೆಗಳನ್ನೂ ಟೈಮರ್‌ಗಳನ್ನೂ ನಡೆಸುವ ಸಾಫ್ಟ್‌ವೇರ್) ಭಾಷೆಯಲ್ಲಿ 'ವಾರಕ್ಕೊಮ್ಮೆ' ಅಂದರೆ ಸೋಮವಾರ ನಡುರಾತ್ರಿ 12 ಗಂಟೆ. 40 ವಿಎಂಗಳು ಒಂದೇ ಹೊತ್ತಿಗೆ ಟ್ರಿಮ್ ಶುರು ಮಾಡಿದರೆ ಸ್ಟೋರೇಜ್ ಏದುಸಿರು ಬಿಡುತ್ತದೆ. ನಾನು ಗೆಸ್ಟ್‌ಗಳ ಟೈಮರ್ ಆಫ್ ಮಾಡಿ, ಹೋಸ್ಟ್‌ನಿಂದ 'ವರ್ಶ್ ಡಾಮ್‌ಎಫ್‌ಎಸ್‌ಟ್ರಿಮ್' ಅನ್ನು ಒಂದಾದ ಮೇಲೆ ಒಂದು ವಿಎಂಗೆ ಓಡಿಸುತ್ತೇನೆ. ಏಜೆಂಟ್ ಇದ್ದರೆ ಇಷ್ಟೇ. ಮುಂಚೆ ಮತ್ತು ಆಮೇಲೆ ಅಲೊಕೇಶನ್ ಎಷ್ಟಿತ್ತು ಎಂದು ಲಾಗ್ ಮಾಡಿ. ಒಂದಿಷ್ಟೂ ಇಳಿಯದಿದ್ದರೆ ಅನ್‌ಮ್ಯಾಪ್ ಹಾಕಿಲ್ಲ, ಅಥವಾ ಕ್ಯೂಕೌ2 ಒಳಗಿನ ಸ್ನ್ಯಾಪ್‌ಶಾಟ್ ಆ ತುಂಡುಗಳನ್ನು ಹಿಡಿದಿಟ್ಟಿದೆ.

ಹೆಜ್ಜೆ 5: ಸ್ನ್ಯಾಪ್‌ಶಾಟ್ ತೆಗೆಯುವುದು, ಮುಖ್ಯವಾಗಿ ಮುಗಿಸುವುದು

ತೆಗೆಯುವುದು ಸುಲಭ. 'ವರ್ಶ್ ಸ್ನ್ಯಾಪ್‌ಶಾಟ್-ಕ್ರಿಯೇಟ್-ಆ್ಯಸ್' ಕಮಾಂಡ್‌ಗೆ 'ಡಿಸ್ಕ್-ಓನ್ಲಿ', 'ಅಟಾಮಿಕ್', 'ನೋ-ಮೆಟಾಡೇಟಾ' ಮತ್ತು 'ಕ್ವಿಯೆಸ್' ಆಯ್ಕೆಗಳನ್ನು ಕೊಡಿ. ಕೊನೆಯದು ಏಜೆಂಟ್ ಮೂಲಕ ಫೈಲ್‌ಸಿಸ್ಟಮ್ ಅನ್ನು ಒಂದು ಕ್ಷಣ ತಡೆದು ಹಿಡಿಯುತ್ತದೆ. ಏಜೆಂಟ್ ಉತ್ತರಿಸದಿದ್ದರೆ ಕಮಾಂಡ್ ಸೋಲುತ್ತದೆ. ಸೋಲಲಿ. ಆ ವಿಎಂ ಬಿಟ್ಟು ಮೆಸೇಜ್ ಕಳಿಸಿ. ಕ್ವಿಯೆಸ್ ಇಲ್ಲದೆ ತೆಗೆದ ಪ್ರತಿ ಎಂದರೆ ಕರೆಂಟ್ ಹೋದಾಗ ಇದ್ದ ಸ್ಥಿತಿ. ಹೆಚ್ಚಾಗಿ ಎದ್ದು ಬರುತ್ತದೆ, ಆದರೆ ಡೇಟಾಬೇಸ್ ವಿಎಂ ಮೇಲೆ 'ಹೆಚ್ಚಾಗಿ' ಅನ್ನುವುದನ್ನು ನಂಬಿ ಕೂರಲು ನನಗೆ ಇಷ್ಟವಿಲ್ಲ.

ಸ್ನ್ಯಾಪ್‌ಶಾಟ್ ಆದ ಮೇಲೆ ಮೂಲ ಫೈಲ್ ಅಲುಗಾಡುವುದಿಲ್ಲ, ಹೊಸ ಬರಹವೆಲ್ಲ ಓವರ್‌ಲೇಗೆ ಹೋಗುತ್ತದೆ. ಈಗ ಮೂಲವನ್ನು ಬೇರೆ ಯಂತ್ರಕ್ಕೆ ಕಾಪಿ ಮಾಡಿ. ಕಾಪಿ ಆಗುವವರೆಗೆ ಅದು ಬ್ಯಾಕಪ್ ಅಲ್ಲ. ಅದೇ ಡಿಸ್ಕ್ ಮೇಲೆ ಕೂತಿರುವ ಸ್ನ್ಯಾಪ್‌ಶಾಟ್, ಡಿಸ್ಕ್ ಹೋದರೆ ಅದರ ಜೊತೆಗೇ ಹೋಗುತ್ತದೆ. ಕಾಪಿ ಮುಗಿದ ಮೇಲೆ 'ವರ್ಶ್ ಬ್ಲಾಕ್‌ಕಮಿಟ್', 'ಆ್ಯಕ್ಟಿವ್' ಮತ್ತು 'ಪಿವಟ್' ಆಯ್ಕೆಗಳ ಜೊತೆ. ಓವರ್‌ಲೇಯ ಬರಹ ಮೂಲಕ್ಕೆ ಸೇರಿ, ವಿಎಂ ಮತ್ತೆ ಮೂಲ ಫೈಲ್ ಮೇಲೇ ಓಡತೊಡಗುತ್ತದೆ.

ಪಿವಟ್ ಮರೆತರೆ ಬರಹ ಸೇರುತ್ತದೆ ಆದರೆ ವಿಎಂ ಓವರ್‌ಲೇ ಮೇಲೇ ಉಳಿಯುತ್ತದೆ. ಅದನ್ನು ನೋಡದೆ ಓವರ್‌ಲೇ ಅಳಿಸಿದರೆ ಕಥೆ ಮುಗಿಯಿತು. ಆದ್ದರಿಂದ ಸ್ಕ್ರಿಪ್ಟ್ 'ವರ್ಶ್ ಡಾಮ್‌ಬ್ಲ್ಕ್‌ಲಿಸ್ಟ್' ಓಡಿಸಿ, ಮೂಲ ಫೈಲ್‌ನ ಹೆಸರೇ ಬಂದಿದೆ ಎಂದು ಖಾತ್ರಿ ಮಾಡಿಕೊಳ್ಳಲಿ. ಅಳಿಸುವ ಕೆಲಸ ನಮ್ಮದು ಎಂದಿದ್ದೆ, ಆದರೆ ಇಲ್ಲೊಂದು ವಿನಾಯಿತಿ ಕೊಟ್ಟಿದ್ದೇನೆ: ಸ್ಕ್ರಿಪ್ಟ್ ತಾನೇ ಆ ಓಟದಲ್ಲಿ ಹುಟ್ಟಿಸಿದ ಓವರ್‌ಲೇ ಅನ್ನು, ಈ ಪರೀಕ್ಷೆ ಪಾಸಾದರೆ, ತಾನೇ ಅಳಿಸಬಹುದು.

ಇನ್ನು ಪ್ರತಿದಿನ ಬೆಳಿಗ್ಗೆ ಇನ್ನೊಂದು ಚಿಕ್ಕ ಸ್ಕ್ರಿಪ್ಟ್ ಎಲ್ಲ ಡಿಸ್ಕ್‌ಗಳ ಬ್ಯಾಕಿಂಗ್ ಸರಪಳಿ (ಓವರ್‌ಲೇಯಿಂದ ಅದರ ಕೆಳಗಿನ ಮೂಲದವರೆಗಿನ ಫೈಲ್‌ಗಳ ಸಾಲು) ಎಣಿಸಲಿ. ನಿಯಮದ ಫೈಲ್‌ನಲ್ಲಿ ಹೇಳಿದ್ದಕ್ಕಿಂತ ಹಳೆಯ ಓವರ್‌ಲೇ ಕಂಡರೆ ಕೂಗಲಿ. ಈ ಸ್ಕ್ರಿಪ್ಟ್ ಆಗ ಇದ್ದಿದ್ದರೆ ನನ್ನ 4 ತಿಂಗಳ ಕೂಸು 4ನೇ ದಿನವೇ ಸಿಕ್ಕಿಬೀಳುತ್ತಿತ್ತು.

ಲಿಬ್‌ವರ್ಟ್ ಸಾಕಷ್ಟು ಹೊಸದಿದ್ದರೆ 'ಬ್ಯಾಕಪ್-ಬಿಗಿನ್' ಎಂಬ ದಾರಿ ಇದೆ. ಓವರ್‌ಲೇ ಇಲ್ಲದೆಯೇ, ಬದಲಾದ ತುಂಡುಗಳನ್ನಷ್ಟೇ ಎತ್ತಿಕೊಳ್ಳಬಹುದು. ಹೊಸದಾಗಿ ಶುರು ಮಾಡುವವರು ಅದನ್ನೇ ಮೊದಲು ನೋಡಿ.

ಹೆಜ್ಜೆ 6: ಅನಾಥ ಫೈಲ್‌ಗಳು

ಆಗ ಹೇಳುತ್ತೇನೆ ಎಂದಿದ್ದ ಅನಾಹುತ ಇದು. ಯಾವ ವಿಎಂಗೂ ಸೇರದ ಡಿಸ್ಕ್ ಫೈಲ್‌ಗಳನ್ನು ಹುಡುಕಿ ಅಳಿಸುವ ಸ್ಕ್ರಿಪ್ಟ್ ಬರೆದೆ. ಎಲ್ಲ ವಿಎಂಗಳ ಡಿಸ್ಕ್ ಪಟ್ಟಿ ತೆಗೆದು, ಫೋಲ್ಡರ್‌ನ ಪಟ್ಟಿಯಿಂದ ಕಳೆದು, ಉಳಿದದ್ದನ್ನು ಅಳಿಸುವುದು. ಉಳಿದವುಗಳಲ್ಲಿ ಒಂದು ಬೇಸ್ ಇಮೇಜ್ (ಹಲವು ಡಿಸ್ಕ್‌ಗಳು ಹಂಚಿಕೊಳ್ಳುವ ಬುಡದ ಫೈಲ್) ಇತ್ತು. 6 ವಿಎಂಗಳ ಡಿಸ್ಕ್‌ಗಳು ಅದರ ಬೆನ್ನ ಮೇಲೆ ನಿಂತಿದ್ದವು. ಡಾಮ್‌ಬ್ಲ್ಕ್‌ಲಿಸ್ಟ್ ಮೇಲಿನ ಪದರ ಮಾತ್ರ ತೋರಿಸುತ್ತದೆ, ಬುಡವನ್ನು ತೋರಿಸುವುದಿಲ್ಲ. ಕೆಟ್ಟದ್ದೇನೆಂದರೆ ಆ ದಿನ ಏನೂ ಆಗಲಿಲ್ಲ. ತೆರೆದಿದ್ದ ಫೈಲ್ ಅನ್ನು ಅಳಿಸಿದರೂ ಓಡುತ್ತಿರುವ ಪ್ರೋಸೆಸ್‌ಗೆ ಅದು ಸಿಗುತ್ತಲೇ ಇರುತ್ತದೆ. ಎರಡು ವಾರ ಬಿಟ್ಟು ಹೋಸ್ಟ್ ರೀಬೂಟ್ ಮಾಡಿದಾಗ 6 ವಿಎಂಗಳೂ ಏಳಲಿಲ್ಲ.

ಸರಿಯಾದ ಪಟ್ಟಿಗೆ ಇಷ್ಟು ಬೇಕು. ನಿಂತಿರುವ ವಿಎಂಗಳೂ ಸೇರಿದಂತೆ ಎಲ್ಲವನ್ನೂ ಹಿಡಿಯಿರಿ. ಪ್ರತಿ ವಿಎಂನ ಓಡುತ್ತಿರುವ ಸ್ಥಿತಿ ಮತ್ತು ಉಳಿಸಿಟ್ಟ ಸೆಟ್ಟಿಂಗ್ ಎರಡರಿಂದಲೂ ಡಿಸ್ಕ್‌ಗಳನ್ನು ತೆಗೆಯಿರಿ, ಅವು ಬೇರೆ ಇರಬಹುದು. ಪ್ರತಿ ಡಿಸ್ಕ್‌ಗೂ 'ಕ್ಯೂಎಮು-ಇಮ್ಗ್ ಇನ್ಫೋ' ಅನ್ನು 'ಬ್ಯಾಕಿಂಗ್-ಚೈನ್' ಆಯ್ಕೆಯ ಜೊತೆ ಓಡಿಸಿ, ಬುಡದವರೆಗಿನ ಎಲ್ಲ ಫೈಲ್‌ಗಳನ್ನೂ ಪಟ್ಟಿಗೆ ಸೇರಿಸಿ. ಒಂದು ಕಮಾಂಡ್ ಸೋತರೂ ಇಡೀ ಓಟ ರದ್ದಾಗಲಿ. ಅರ್ಧಂಬರ್ಧ ಪಟ್ಟಿಯಿಂದ ಕಳೆದರೆ ಬದುಕಿರುವ ಡಿಸ್ಕ್ ಅನಾಥವಾಗಿ ಕಾಣುತ್ತದೆ.

ಇಷ್ಟಾದ ಮೇಲೂ ಅಳಿಸಬೇಡಿ. ಅದೇ ಫೈಲ್‌ಸಿಸ್ಟಮ್‌ನ ಇನ್ನೊಂದು ಫೋಲ್ಡರ್‌ಗೆ ಸರಿಸಿ. ಹೆಸರಷ್ಟೇ ಬದಲಾಗುವುದರಿಂದ ಕ್ಷಣದಲ್ಲಿ ಮುಗಿಯುತ್ತದೆ, ತಪ್ಪಾದರೆ ಅಷ್ಟೇ ಬೇಗ ವಾಪಸ್ ತರಬಹುದು. ಎಷ್ಟು ದಿನ ಅಲ್ಲಿಡಬೇಕು? ಹೋಸ್ಟ್ ಒಮ್ಮೆಯಾದರೂ ರೀಬೂಟ್ ಆಗುವವರೆಗೆ. ಆಮೇಲೆ ನೀವೇ ಕೂತು, ಹೆಸರು ಓದಿ, ಅಳಿಸಿ.

ಹೆಜ್ಜೆ 7: ಹೊತ್ತು ಮತ್ತು ಲಾಕ್

ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸಲು ಹಳೆಯ ಕ್ರಾನ್ ಆಗುತ್ತದೆ, ಆದರೆ ನನಗೆ ಸಿಸ್ಟಮ್‌ಡಿ ಟೈಮರ್ ಇಷ್ಟ. ಲಾಗ್ ತಾನಾಗಿ ಜರ್ನಲ್‌ಗೆ ಹೋಗುತ್ತದೆ. 'ಪರ್ಸಿಸ್ಟೆಂಟ್' ಹಾಕಿದರೆ ಯಂತ್ರ ಆಫ್ ಇದ್ದಾಗ ತಪ್ಪಿದ ಓಟ ಆನ್ ಆದ ಮೇಲೆ ನಡೆಯುತ್ತದೆ. ಅಳತೆ 10 ನಿಮಿಷಕ್ಕೆ, ಬೆಳೆಸುವುದು ಗಂಟೆಗೆ, ಬ್ಯಾಕಪ್ ರಾತ್ರಿಗೆ, ಟ್ರಿಮ್ ವಾರಕ್ಕೆ.

ಬೆಳೆಸುವುದು, ಸ್ನ್ಯಾಪ್‌ಶಾಟ್, ಟ್ರಿಮ್ ಈ ಮೂರಕ್ಕೂ ಒಂದೇ ಲಾಕ್ ಫೈಲ್ (ಒಂದು ಓಡುವಾಗ ಇನ್ನೊಂದನ್ನು ತಡೆಯುವ ಫೈಲ್) ಇರಲಿ, 'ಎಫ್‌ಲಾಕ್' ಕಮಾಂಡ್ ಮೂಲಕ. ಬ್ಯಾಕಪ್ ಕಾಪಿ ಆಗುತ್ತಿರುವಾಗ ಬೆಳೆಸುವ ಸ್ಕ್ರಿಪ್ಟ್ ನಡುವೆ ನುಗ್ಗುವುದು ಬೇಡ. ಲಾಕ್ ಸಿಗದಿದ್ದರೆ ಕಾಯದೆ ಹೊರಗೆ ಬರಲಿ, ಮುಂದಿನ ಗಂಟೆ ಇದ್ದೇ ಇದೆ.

ಬೇರೆ ಹೈಪರ್‌ವೈಸರ್ (ವಿಎಂ ಓಡಿಸುವ ಸಾಫ್ಟ್‌ವೇರ್) ಬಳಸುವವರಿಗೆ: ಹೈಪರ್-ವಿಯಲ್ಲಿ ಪವರ್‌ಶೆಲ್‌ನ 'ರೀಸೈಜ್-ವಿಎಚ್‌ಡಿ' ಮತ್ತು 'ಆಪ್ಟಿಮೈಜ್-ವಿಎಚ್‌ಡಿ', ವರ್ಚುವಲ್‌ಬಾಕ್ಸ್‌ನಲ್ಲಿ 'ವಿಬಾಕ್ಸ್‌ಮ್ಯಾನೇಜ್ ಮಾಡಿಫೈಮೀಡಿಯಂ' ಇವೇ ಕೆಲಸ ಮಾಡುತ್ತವೆ. ವಿಎಂವೇರ್‌ನ ವಿಸ್ಫಿಯರ್‌ನಲ್ಲಿ ಸ್ನ್ಯಾಪ್‌ಶಾಟ್ ಇರುವ ಡಿಸ್ಕ್ ಅನ್ನು ಬೆಳೆಸಲು ಬಿಡುವುದೇ ಇಲ್ಲ.

ಹೆಜ್ಜೆ 8: ಮೊದಲು ಸುಳ್ಳು ಓಟ

ಸ್ಕ್ರಿಪ್ಟ್‌ನ ಡೀಫಾಲ್ಟ್ ವರ್ತನೆ 'ಏನು ಮಾಡುತ್ತಿದ್ದೆ ಎಂದು ಹೇಳು, ಮಾಡಬೇಡ' ಎಂದಿರಲಿ. ನಿಜವಾಗಿ ಮಾಡಲು ಬೇರೆ ಆಯ್ಕೆ ಬೇಕು. ಎರಡು ವಾರ ಹಾಗೇ ಓಡಿಸಿ, ಪ್ರತಿದಿನ ಲಾಗ್ ಓದಿ. ಒಂದು ಸಾಲಾದರೂ 'ಅರೆ, ಇದ್ಯಾಕೆ?' ಅನ್ನಿಸಿದರೆ ಆ ವಿಎಂ ಅನ್ನು ಫೈಲ್‌ನಿಂದ ತೆಗೆದು ಕಾರಣ ಹುಡುಕಿ.

ಆಮೇಲೆ ಒಂದು ಪರೀಕ್ಷೆಯ ವಿಎಂ ಎಬ್ಬಿಸಿ, ಬೇಕೆಂದೇ ತುಂಬಿಸಿ. ಇಲ್ಲೂ ಆ ಮೂರು ಸಂಖ್ಯೆಗಳ ಆಟ ಇದೆ. ಗೆಸ್ಟ್ ಒಳಗೆ 'ಫಾಲೊಕೇಟ್' ಬಳಸಿ ದೊಡ್ಡ ಫೈಲ್ ಮಾಡಿದರೆ ಫೈಲ್‌ಸಿಸ್ಟಮ್ ತುಂಬುತ್ತದೆ, ಆದರೆ ಡೇಟಾ ಬರೆದಿಲ್ಲವಾದ್ದರಿಂದ ಹೋಸ್ಟ್‌ನ ಫೈಲ್ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಬೆಳೆಸುವ ಸ್ಕ್ರಿಪ್ಟ್ ಪರೀಕ್ಷಿಸಲು ಇದು ಸಾಕು. ಹೋಸ್ಟ್‌ನ ಎಚ್ಚರಿಕೆ ಮೆಸೇಜ್ ಮತ್ತು ಟ್ರಿಮ್ ಪರೀಕ್ಷಿಸಬೇಕಾದರೆ 'ಯುರ್‍ಯಾಂಡಮ್' (ಎರ್ರಾಬಿರ್ರಿ ಬೈಟ್‌ಗಳನ್ನು ಕೊಡುವ ಲಿನಕ್ಸ್ ಫೈಲ್) ನಿಂದ ನಿಜವಾದ ಬೈಟ್‌ಗಳನ್ನೇ ಬರೆಯಿರಿ. ಬರೀ ಸೊನ್ನೆ ಬರೆದರೆ ಕೆಲವು ಸೆಟ್ಟಿಂಗ್‌ಗಳಲ್ಲಿ ಕ್ಯೂಎಮು ಅದನ್ನು ಗುರುತಿಸಿ ಜಾಗವನ್ನೇ ಹಿಡಿಯುವುದಿಲ್ಲ, ನೀವು ಮೆಸೇಜ್ ಯಾಕೆ ಬರಲಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಾ ಕೂರುತ್ತೀರಿ.